ಇಬ್ಬರು ಎತ್ತರದ ಆಟಗಾರರು

ನೂರು ಅಂಕವೆಂದರೆ ಓದುಬರಹವಿಲ್ಲದ ನಮ್ಮಪ್ಪನಿಗೂ ಅರ್ಥವಾಗುವ ಮಾತು. ಅದಕ್ಕೇ ಇರಬೇಕು, ಬಾಸ್ಕೆಟ್‌ಬಾಲಿನಲ್ಲಿ ನಾನು ಮೊದಲು ಮೆಚ್ಚಿದ್ದು 1962ರಲ್ಲಿ ಒಂದೇ ಪಂದ್ಯದಲ್ಲಿ ತಾನೊಬ್ಬನೇ 100 ಅಂಕ ಗಳಿಸಿದ ಅಮೆರಿಕದ ವಿಲ್ಟ್ ಚೇಂಬರ್ಲೇನನನ್ನು. ಏಳಡಿ ಮೀರಿದ ಭೀಮಕಾಯ! ಬಾಸ್ಟನ್ನಿನ ಬಿಲ್ ರಸೆಲನದು ಪಂದ್ಯಕ್ಕೆ ಸರಾಸರಿ 15 ಅಂಕ ಮಾತ್ರ. ಆದರೆ ಎದುರಾಳಿಯ ಎಸೆತವನ್ನು ತಡೆದು, ಚೆಂಡನ್ನು ಮೆಲ್ಲನೆ ತನ್ನವರ ಕೈಗೇ ತಟ್ಟುತ್ತಿದ್ದನು. 13 ವರ್ಷಗಳಲ್ಲಿ 11 ಸಲ ಅವನ ತಂಡಕ್ಕೇ ಚಾಂಪಿಯನ್ ಪಟ್ಟ. ವಿಲ್ಟನಿಗೆ ದಕ್ಕಿದ್ದು ಎರಡೇ. ಈ ವಾದದಲ್ಲಿ ನಾನು ರಸೆಲನ ಕಡೆ.

ಆದರೂ 1969ರ ಫೈನಲಿನಲ್ಲಿ ಮೊಣಕಾಲು ನೊಂದು ಹೊರಗೆ ಕುಳಿತ ವಿಲ್ಟನನ್ನು ಅವನು ಆಮೇಲೆ ಹಳಿದದ್ದು ಸರಿಯಲ್ಲ. ಜೊತೆಯಲ್ಲಿ ಉಂಡ ಗೆಳೆಯರು 20 ವರ್ಷ ಮಾತು ಬಿಟ್ಟರು. ಕಡೆಗೆ ರಸೆಲನೇ ಕ್ಷಮೆ ಬೇಡಿದನು.

ನಮ್ಮ ತಂಡದ ಗೆಳೆಯನೊಬ್ಬನ ಕಾಲುನೋವನ್ನು ನಾನೂ ನೆಪವೆಂದಿದ್ದೆ. ಎಂಟು ತಿಂಗಳಾಯಿತು. ಪರೀಕ್ಷೆ ಮುಗಿದೊಡನೆ ಅವನು ಊರಿಗೆ ಹೊರಡುವನು.