ತೇಪೆ ಹಚ್ಚುವವರು

ಅನುವಾದಕರಲ್ಲಿ ಎರಡು ಜಾತಿ. ಪ್ರಕಾಶಕರು ಕೇಳಿದ್ದಕ್ಕೆ ಮಾಡುವವರು ಒಂದು. ಯಾರೂ ಕೇಳದಿದ್ದರೂ ಮಾಡಿಯೇ ತೀರುವವರು ಇನ್ನೊಂದು. ಈ ಎರಡನೆಯವರ ಪರಿಚಯ ನನಗಾದದ್ದು ಬ್ರಹ್ಮಾವರದಲ್ಲಿ, ಸೋದರಳಿಯನ ದೆಸೆಯಿಂದ. ಅವನು ಕಂಪ್ಯೂಟರಿನಲ್ಲಿ ಆಡುತ್ತಿದ್ದ ‘ಮದರ್ 3’ ಎಂಬ ಆಟ ಜಪಾನಿನದು. ಮಾತು ಮಾತ್ರ ಇಂಗ್ಲಿಷಿನದು.

ಶಿಗೆಸಾತೊ ಇಟೋಯ್ ಬರೆದ ಈ ಆಟವನ್ನು ನಿಂಟೆಂಡೋ ಕಂಪೆನಿ 2006ರಲ್ಲಿ ಜಪಾನಿನಲ್ಲಿ ಹೊರತಂದಿತು. ಇಂಗ್ಲಿಷಿನಲ್ಲಿ ತರಲೇ ಇಲ್ಲ. ಕಾದು ಸಾಕಾದ ಅಭಿಮಾನಿಗಳು, ಕ್ಲೈಡ್ ಮ್ಯಾಂಡೆಲಿನ್ ಎಂಬ ಅನುವಾದಕರೂ ಅವರ ಸಂಗಡಿಗರೂ, 2008ರಲ್ಲಿ ತಾವೇ ಅದನ್ನು ಇಂಗ್ಲಿಷಿಗಿಳಿಸಿದರು. ಅವರು ಹಂಚಿದ್ದು ಆಟವನ್ನಲ್ಲ, ಆಟದ ಪ್ರತಿಗೆ ಹಚ್ಚುವ ತೇಪೆಯನ್ನು. ಬಟ್ಟೆ ನೀವು ತನ್ನಿ, ತೇಪೆ ಪುಕ್ಕಟೆ! ಕಾನೂನಿನ ಕಣ್ಣಿಗೆ ಇದೂ ಪೂರಾ ನಿರ್ದೋಷಿಯಲ್ಲವೆನ್ನಿ.

ಹೊಲಿಗೆಯೇನೂ ಸುಲಭದ್ದಲ್ಲ. ಇಂಥ ಆಟಗಳಲ್ಲಿ ಜಪಾನೀ ಅಕ್ಷರಗಳು ಸಾಮಾನ್ಯವಾಗಿ ಒಂದೇ ಅಗಲದ ಚೌಕಗಳಲ್ಲಿ ಕೂರುತ್ತವೆ. ಅಲ್ಲಿ ನಾಲ್ಕಕ್ಷರದಲ್ಲಿ ಮುಗಿಯುವ ಮಾತಿಗೆ ಇಂಗ್ಲಿಷಿನಲ್ಲಿ ಹತ್ತು ಹನ್ನೆರಡು ಬೇಕು. ಆದ್ದರಿಂದ ಮಾತನ್ನು ಬದಲಿಸುವ ಮೊದಲು ಅದು ಕೂರುವ ಮಣೆಯನ್ನೇ ಹೊಸದಾಗಿ ಕೆತ್ತಬೇಕು. ಸಪೂರ ಅಕ್ಷರಕ್ಕೆ ಸಪೂರ ಜಾಗ, ದಪ್ಪ ಅಕ್ಷರಕ್ಕೆ ದಪ್ಪ ಜಾಗ. ಇಷ್ಟಾದರೂ ಅರ್ಧ ಕೆಲಸವಷ್ಟೆ. ಜಪಾನಿಯಲ್ಲಿ ‘ನಾನು’ ಎನ್ನುವುದಕ್ಕೆ ಹಲವು ಪದ. ಸೌಮ್ಯ ಹುಡುಗ ‘ಬೊಕು’ ಎಂದರೆ ಒರಟ ‘ಒರೆ’ ಎನ್ನುತ್ತಾನೆ. ಇಂಗ್ಲಿಷಿಗೆ ಬಂದೊಡನೆ ಇಬ್ಬರಿಗೂ ಒಂದೇ ಅಂಗಿ.

ಈ ಸಂಕಟವನ್ನು ಕುಂದಾಪುರದ ಕಡೆಯವರಿಗೆ ಬಿಡಿಸಿ ಹೇಳಬೇಕೆ? ನಮ್ಮ ಬೈಂದೂರಿನ ಮನೆಯಲ್ಲಿ ಅಮ್ಮ ಹಿತ್ತಿಲಿನಿಂದ ಅಪ್ಪನನ್ನು ‘ಹ್ವಾಯ್’ ಎಂದು ಕೂಗುತ್ತಿದ್ದಳು. ಅದರಲ್ಲಿ ಕರೆಯಿತ್ತು, ಸಲಿಗೆಯಿತ್ತು, ಮರ್ಯಾದೆಯಿತ್ತು, ಚೂರು ಸಿಟ್ಟೂ ಇತ್ತು. ಪುಸ್ತಕದ ಕನ್ನಡದಲ್ಲಿ ಅದು ‘ರೀ’ ಆಗುತ್ತದೆ. ‘ರೀ’ ಒಳ್ಳೆಯ ಮಾತೇ. ಆದರೆ ಬೇರೆ ಊರಿನ ಹೆಂಗಸಿನದು. ಅಮ್ಮ ಈಗಿಲ್ಲ. ಪೇಟೆಯಲ್ಲಿ ಬೆಳೆದ ಅವಳ ಮೊಮ್ಮಗನಿಗೆ ಆ ಕೂಗನ್ನು ದಾಟಿಸಲು ನನಗಿನ್ನೂ ತೇಪೆ ದೊರೆತಿಲ್ಲ.

‘ಮದರ್ 3’ರಲ್ಲಿಯೂ ಅವಳಿ ಹುಡುಗರ ತಾಯಿ ಮೊದಲ ಅಧ್ಯಾಯದಲ್ಲೇ ತೀರಿಕೊಳ್ಳುತ್ತಾಳೆ. ಅಲ್ಲಿಗೆ ಬಂದಾಗ ಅಳಿಯ ಆಟ ನಿಲ್ಲಿಸಿ ಕಿಟಕಿಯತ್ತ ತಿರುಗಿದ. ಜಪಾನಿಯ ಒಂದಕ್ಷರ ಬಾರದ ಹುಡುಗ!

ಕಂಪೆನಿ ಅಧಿಕೃತವಾಗಿ ಇಂಗ್ಲಿಷಿನಲ್ಲಿ ತರುವುದಾದರೆ ತಮ್ಮ ಅನುವಾದವನ್ನು ಕಾಸಿಲ್ಲದೆ ಕೊಡುವುದಾಗಿ ಮ್ಯಾಂಡೆಲಿನ್ 2013ರಲ್ಲಿ ಹೇಳಿದರು. 2024ರಲ್ಲಿ ಆಟ ಹೊಸ ಯಂತ್ರಕ್ಕೆ ಬಂತು, ಜಪಾನಿನಲ್ಲಿ ಮಾತ್ರ. ತೇಪೆ ಇನ್ನೂ ಬಳಕೆಯಲ್ಲಿದೆ.