ಇದು ಯಾವ ಊರಿನ ಕಲ್ಲು?

ಅಂಗೈ ಅಗಲದ ಫೋಟೊ. ಅದರ ತುಂಬ ಕೆಂಪು ಕಲ್ಲು. ಕಲ್ಲಿನ ಮೈಮೇಲೆ ಅಲೆ ಅಲೆಯಾಗಿ ಹರಿದ ನಸುಬಿಳಿ, ಕಂದು ಗೆರೆಗಳು. ಮೂರ್ತಿಯಿಲ್ಲ, ಶಿಖರವಿಲ್ಲ, ಶಾಸನವಿಲ್ಲ. “ಹೇಳಿ ನೋಡೋಣ, ಯಾವ ಊರು?”

ನಮ್ಮ ತಂಡದ ಪ್ರವಾಸಗಳಲ್ಲಿ ಈ ಆಟ ಕಡ್ಡಾಯ. ಗೆಳೆಯನೊಬ್ಬ ದಾರಿಯಲ್ಲಿ ಸಿಗುವ ಗುಡಿ, ಕೋಟೆ, ಬಾವಿಗಳ ಚಿತ್ರಗಳನ್ನು ಕಲೆಹಾಕಿ, ಒಂದೊಂದರಿಂದಲೂ ಒಂದು ಮೂಲೆಯನ್ನಷ್ಟೇ ಕತ್ತರಿಸಿ ತರುತ್ತಾನೆ. ಪೋಸ್ಟ್‌ಕಾರ್ಡಿನಲ್ಲಿ ಕಾಣುವ ಭಾಗವನ್ನು ತೋರಿಸುವಂತಿಲ್ಲ. ಊರಿನ ಹೆಸರು ಹೇಳಿದವರು ಕಾರಣವನ್ನೂ ಕೊಡಬೇಕು. ಆಮೇಲೆ ಅಲ್ಲಿಗೇ ಹೋಗಿ ಆ ಮೂಲೆಯನ್ನು ಹುಡುಕಿ ತೋರಿಸಿದರೇ ಅಂಕ. ಈ ಸಲದ ದಾರಿ ಬಾದಾಮಿಯಿಂದ ಹಂಪಿಗೆ.

ಮೊದಲ ಒಗಟು ಸುಲಭದ್ದು. ಮಲಪ್ರಭೆಯ ದಡದ ಮರಳುಗಲ್ಲನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ ಶಾಸನವಿದೆ, ಕ್ರಿ.ಶ. 578ರದು. ಅದನ್ನು ಓದಲು ಬಾರದಿದ್ದರೂ ಗೋಡೆಯ ಗೆರೆಗಳು ಇನ್ನೊಂದು ಕಥೆ ಹೇಳುತ್ತವೆ. ಎಂದೋ ನೀರು ತಂದು ಪದರ ಪದರವಾಗಿ ಹಾಸಿದ ಮರಳು ಕಲ್ಲಾಗಿ, ಆ ಕಲ್ಲನ್ನು ಶಿಲ್ಪಿ ಕೊರೆದಾಗ ಪದರಗಳೆಲ್ಲ ಅಡ್ಡಲಾಗಿ ತೆರೆದುಕೊಂಡಿವೆ. ಸಂಜೆಯ ಬಿಸಿಲು ಬಿದ್ದಾಗ ಕಂಬದ ಮೇಲಿನ ಗೆರೆ, ಪಕ್ಕದ ಮೂರ್ತಿಯ ತೋಳಿನ ಮೇಲಿನ ಗೆರೆ, ಅದರಾಚೆಯ ಗೋಡೆಯ ಗೆರೆ ಎಲ್ಲವೂ ಒಂದೇ ಮಟ್ಟದಲ್ಲಿ ಓಡುತ್ತಿರುವುದು ಕಂಡಿತು. ಇಡೀ ಗುಹೆ ಒಂದೇ ಬಂಡೆ ಎಂದು ಪುಸ್ತಕದಲ್ಲಿ ಓದುವುದು ಬೇರೆ, ಆ ಗೆರೆಯ ಬೆನ್ನು ಹತ್ತಿ ನಡೆಯುವುದು ಬೇರೆ.

ಎರಡನೆಯ ಚಿತ್ರದಲ್ಲಿದ್ದದ್ದು ಶಿಖರದ ತುದಿ ಮಾತ್ರ. ಒಳಮುಖವಾಗಿ ಬಾಗುತ್ತ ಮೇಲೇರಿದ ರೇಖೆಗಳು, ನೆತ್ತಿಯಲ್ಲಿ ಆಮಲಕದ ಅಂಚು. “ಒಡಿಶಾ! ಭುವನೇಶ್ವರ!” ಎಂದು ಹಿಂದಿನ ಸೀಟಿನಿಂದ ಕೂಗು ಬಂತು. ಉತ್ತರ, ಪಟ್ಟದಕಲ್ಲಿನ ಗಳಗನಾಥ. ಕೂಗಿದವರನ್ನು ದೂರುವಂತಿಲ್ಲ, ಏಕೆಂದರೆ ಪಟ್ಟದಕಲ್ಲು ಇರುವುದೇ ಹಾಗೆ. ನಾಗರ ಶಿಖರದ ಗುಡಿಯೂ ದ್ರಾವಿಡ ವಿಮಾನದ ಗುಡಿಯೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತಿವೆ. ಕಂಚಿಯ ಮೇಲಿನ ವಿಜಯದ ನೆನಪಿಗೆ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇಗುಲ ತೆಂಕಣದ ಕಡೆ ಮುಖ ಮಾಡಿದರೆ, ಗಳಗನಾಥನ ಶಿಖರಕ್ಕೆ ಹತ್ತಿರದ ನೆಂಟರು ತೆಲಂಗಾಣದ ಆಲಂಪುರದ ಗುಡಿಗಳು. ವಿರೂಪಾಕ್ಷದ ಶಾಸನ ಗುಂಡ ಅನಿವಾರಿತಾಚಾರಿ ಎಂಬ ಸೂತ್ರಧಾರಿಯ ಹೆಸರನ್ನೂ ಉಳಿಸಿಕೊಂಡಿದೆ. ಕಟ್ಟಿಸಿದವರ ಜೊತೆಗೆ ಕಟ್ಟಿದವನ ಹೆಸರೂ ಕಲ್ಲಿನ ಮೇಲಿರುವ ಭಾಗ್ಯ ಎಷ್ಟು ಗುಡಿಗಳಿಗಿದೆ?

ಐಹೊಳೆಯ ಒಗಟಿಗೆ ಯಾರಿಗೂ ಉತ್ತರ ಹೊಳೆಯಲಿಲ್ಲ. ಇಳಿಜಾರು ಸೂರಿನ ಒಂದು ತುಂಡು, ಅದರ ಮೇಲೆ ಉದ್ದುದ್ದ ಪಟ್ಟಿಗಳು. ಯಾವುದೋ ಮಲೆನಾಡಿನ ಮರದ ಮನೆ ಎಂದುಕೊಂಡವರೇ ಹೆಚ್ಚು. ಅದು ಲಾಡಖಾನ್ ಗುಡಿಯ ಚಾವಣಿ. ಓರೆಯಾಗಿ ಹಾಸಿದ ಚಪ್ಪಡಿಗಳ ಸಂದಿಗೆ ನೀರು ಇಳಿಯದಂತೆ ಮರದ ರೀಪು ಬಡಿದ ಹಾಗೆ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಮರದ ಕೆಲಸದಲ್ಲಿ ಪಳಗಿದ ಕೈ ಕಲ್ಲಿಗೆ ಹೊರಳಿದ ಕ್ಷಣವೊಂದು ಅಲ್ಲಿ ಹಾಗೇ ಕೂತಿದೆ. ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದ ನಮ್ಮನ್ನು ಕಂಡು ಪಕ್ಕದ ಓಣಿಯ ಹುಡುಗನೊಬ್ಬ ತಾನೂ ಕತ್ತೆತ್ತಿದ. ದಿನಾ ನೋಡುವ ಗುಡಿಯಲ್ಲಿ ಇವರಿಗೆ ಸಿಕ್ಕಿದ್ದೇನು ಎಂಬ ಅನುಮಾನ ಅವನ ಮುಖದಲ್ಲಿತ್ತು. ಪಟ್ಟಿ ತೋರಿಸಿದೆವು. “ಮಳಿ ನೀರು ಸೋರಬಾರ್ದಂತ ಹಾಕ್ಯಾರ” ಎಂದು ಒಂದೇ ಮಾತಿನಲ್ಲಿ ಮುಗಿಸಿದ.

ಗದಗ ಸೀಮೆಗೆ ಬರುವಷ್ಟರಲ್ಲಿ ಚಿತ್ರದ ಬಣ್ಣವೇ ಬದಲಾಯಿತು. ಕೆಂಪು ಹೋಗಿ ಹಸಿರು ಬೆರೆತ ಬೂದು. ಕಂಬವೊಂದರ ನಡುಭಾಗ, ಸುತ್ತಲೂ ಕೂದಲೆಳೆಯಷ್ಟು ತೆಳುವಾದ ಬಳೆಗಳು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದುವಾಗಿರುತ್ತದೆ, ಹಾಗಾಗಿ ತಿರುಗಣೆಗೆ ಹಾಕಿ ಕಡೆಯಲು ಒಗ್ಗುತ್ತದೆ. ಲಕ್ಕುಂಡಿಯೋ ಇಟಗಿಯೋ ಎಂಬುದೇ ಜಗಳ. ಕೊನೆಗೆ ಕಂಬ ಸಿಕ್ಕಿದ್ದು ಇಟಗಿಯ ಮಹಾದೇವ ದೇವಾಲಯದಲ್ಲಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ತೆರೆದ ಮಂಟಪದಲ್ಲಿ ಹೊರಗಿನ ಹೊಲದ ಬೆಳಕು ಕಂಬದಿಂದ ಕಂಬಕ್ಕೆ ಹಾಯುವುದನ್ನು ನೋಡಿದಾಗ ಆ ಬಿರುದು ಹೆಚ್ಚಾಯಿತು ಎನಿಸಲಿಲ್ಲ.

ಇಷ್ಟು ಹೊತ್ತಿಗೆ ಆಟದ ಗುಟ್ಟು ಎಲ್ಲರಿಗೂ ತಿಳಿದಿತ್ತು. ಮೂರ್ತಿಯನ್ನು ನೋಡಬೇಡಿ, ಮೊದಲು ಕಲ್ಲು ನೋಡಿ. ಮರಳುಗಲ್ಲಾದರೆ ಮಲಪ್ರಭೆ, ಬಳಪದ ಕಲ್ಲಾದರೆ ಲಕ್ಕುಂಡಿಯ ಆಸುಪಾಸು ಅಥವಾ ಹೊಯ್ಸಳರ ನಾಡು, ಒರಟು ಗ್ರಾನೈಟ್ ಆದರೆ ತುಂಗಭದ್ರೆ. ಹಂಪಿಯ ಚಿತ್ರದಲ್ಲಿ ಇದ್ದದ್ದು ಬಂಡೆಯೊಂದರ ಅಂಚಿನಲ್ಲಿ ಹಲ್ಲುಸಾಲಿನಂತೆ ಸಮನಾಗಿ ಕೊರೆದ ಚೌಕ ಗುಳಿಗಳು. ಬೆಣೆ ಹೊಡೆದು ಕಲ್ಲು ಸೀಳಲು ತೋಡಿದ ಗುಳಿಗಳವು. ವಿಜಯನಗರದವರು ಬಂಡೆಯನ್ನು ಎಲ್ಲಿ ಸೀಳಿದರೋ ಅಲ್ಲೇ ಕಟ್ಟಿದರು. ಗುಡಿಯ ಪಕ್ಕದಲ್ಲೇ ಗುಡಿಯ ತವರು.

ವಿಠ್ಠಲನ ಅಂಗಳಕ್ಕೆ ಬಂದಾಗ ಗೆಳೆಯ ಚೀಲದಿಂದ ಮೂಲೆ ಕತ್ತರಿಸದ ಒಂದು ಇಡೀ ಚಿತ್ರ ತೆಗೆದ. ಕಪ್ಪುಬಿಳುಪಿನದು. “ಇದು ಎಲ್ಲಿಯದು?” ಕಲ್ಲಿನ ರಥ. ಅದನ್ನು ಗುರುತಿಸದ ಕನ್ನಡಿಗರಿಲ್ಲ. ಆದರೂ ಯಾರೂ ಬಾಯಿ ಬಿಡಲಿಲ್ಲ. ಚಿತ್ರದ ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವೊಂದು ನಿಂತಿತ್ತು! ಕಣ್ಣೆದುರಿನ ರಥದ ಮೇಲೆ ಬರೀ ಆಕಾಶ.

ಅದು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಚಿತ್ರ. ಫಿಲ್ಮ್ ಇನ್ನೂ ಹುಟ್ಟಿರದ ಕಾಲ. ಮೇಣ ಹಚ್ಚಿದ ಕಾಗದದ ಮೇಲೆ ಬೆಳಕನ್ನು ನಿಮಿಷಗಟ್ಟಲೆ ಬೀಳಿಸಿ ನೆಗೆಟಿವ್ ಮಾಡುತ್ತಿದ್ದರು. ಅಷ್ಟು ಹೊತ್ತು ಅಲುಗಾಡದೆ ಇರಬಲ್ಲದ್ದು ಕಲ್ಲು ಮಾತ್ರ, ಹಾಗಾಗಿ ಓಡಾಡಿದವರು ಯಾರೂ ಅದರಲ್ಲಿ ಮೂಡುವುದಿಲ್ಲ. ಶಿಖರ ಮುಂದೆ ಇಳಿದುಹೋಯಿತು, ಕಾಗದದಲ್ಲಿ ಉಳಿಯಿತು. ನಿಮ್ಮ ಜೇಬಿನಲ್ಲಿ 2017ರಿಂದ ಚಲಾವಣೆಗೆ ಬಂದ 50 ರೂಪಾಯಿಯ ಹೊಸ ನೋಟಿದ್ದರೆ ಹಿಂಬದಿ ತಿರುಗಿಸಿ ನೋಡಿ. ಅಲ್ಲಿರುವುದು ಶಿಖರವಿಲ್ಲದ ರಥ. ನಮ್ಮ ಕಣ್ಣಿಗೆ ಈಗ ಅದೇ ಪೂರ್ತಿ ರಥ.

ನಮ್ಮ ಆಟ ಅಲ್ಲಿಗೆ ಬೇರೆಯಾಯಿತು. ಎಲ್ಲಿ ಎಂಬುದು ಗೊತ್ತು, ಆದರೆ ಕ್ಯಾಮೆರಾ ನಿಂತದ್ದು ಎಲ್ಲಿ? 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಇದನ್ನೇ ಮಾಡಿದ್ದರು. ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಉಪಾಯ ಸರಳ, ಕೆಲಸ ಕಷ್ಟದ್ದು. ಹತ್ತಿರದ ವಸ್ತುವೊಂದು ದೂರದ್ದನ್ನು ಎಷ್ಟು ಮರೆಮಾಡಿದೆ ಎಂದು ಹಳೆಯ ಚಿತ್ರದಲ್ಲಿ ನೋಡಿಕೊಳ್ಳಬೇಕು. ರಥದ ಅಂಚಿಗೂ ಹಿಂದಿನ ಮಂಟಪದ ಕಂಬಕ್ಕೂ ನಡುವೆ ಬೆರಳಷ್ಟು ಬೆಳಕು ಕಾಣಬೇಕು. ಎಡಕ್ಕೆ ಒಂದು ಹೆಜ್ಜೆ ಇಟ್ಟರೆ ಬೆಳಕು ಮುಚ್ಚುತ್ತದೆ, ಬಲಕ್ಕೆ ಸರಿದರೆ ಬಾಗಿಲಾಗುತ್ತದೆ. ಹಿಂದೆ ಸರಿದರೆ ರಥಕ್ಕೆ ಹೋಲಿಸಿದಾಗ ಹಿನ್ನೆಲೆಯ ಬೆಟ್ಟ ದೊಡ್ಡದಾದಂತೆ, ಮುಂದೆ ಬಂದರೆ ಕುಗ್ಗಿದಂತೆ.

ಚಿತ್ರ ಹಿಡಿದುಕೊಂಡು ಅಂಗಳದಲ್ಲಿ ಹಿಂದೆ ಮುಂದೆ ಹೆಜ್ಜೆ ಹಾಕುತ್ತಿದ್ದ ನಮ್ಮನ್ನು ಕಂಡು ಶಾಲಾ ಮಕ್ಕಳ ಗುಂಪೊಂದು ನಿಂತು ನಕ್ಕಿತು. ಕಾರಣ ಕೇಳಿದ ಮೇಲೆ ಅವರೂ ಸೇರಿಕೊಂಡರು. ಒಬ್ಬಳು ಬಾಲಕಿ ರಥದ ಮುಂದಿನ ಆನೆಗಳ ಹಿಂದೆ ಬಗ್ಗಿ, “ಇಲ್ಲಿ ಕುದುರೆ ಕಾಲು ಇದೆ!” ಎಂದು ಕೂಗಿದಳು. ನಿಜವೇ. ರಥಕ್ಕೆ ಮೊದಲು ಕಟ್ಟಿದ್ದು ಕುದುರೆಗಳನ್ನು, ಅವುಗಳ ಹಿಂಗಾಲು, ಬಾಲದ ಗುರುತು ಆನೆಗಳ ಹಿಂದೆ ಇಂದಿಗೂ ಇದೆ. ಆನೆಗಳು ಆಮೇಲೆ ಬಂದು ನಿಂತವು. ನೋಟಿನ ಚಿತ್ರದಲ್ಲಾಗಲಿ ಸೆಲ್ಫಿಯಲ್ಲಾಗಲಿ ಸಿಗದ ಆ ಕಾಲುಗಳನ್ನು ನೋಡಲು ಮಕ್ಕಳ ಸಾಲೇ ನಿಂತಿತು.

ನಾವು ಗುರುತು ಹಿಡಿದದ್ದು ಕೊನೆಗೂ ಬಂಡೆಗಳ ಆಸರೆಯಿಂದ. ಶಿಖರ ಇಳಿದಿದೆ, ಕುದುರೆಯ ಜಾಗಕ್ಕೆ ಆನೆ ಬಂದಿದೆ, ಅಂಗಳಕ್ಕೆ ಹುಲ್ಲು ಹಾಸಿದ್ದಾರೆ. ದಿಗಂತದ ಬಂಡೆಗಳು ಮಾತ್ರ ಅವೇ ಬಂಡೆಗಳು. ಜನ ಫೋಟೊ ತೆಗೆಯುವಾಗ ಬೇಡವೆಂದು ಕತ್ತರಿಸುವ ಹಿನ್ನೆಲೆಯೇ ಇಲ್ಲಿ ಸಾಕ್ಷಿ ನುಡಿಯಿತು.

ಈ ಆಟಕ್ಕೆ ಹಂಪಿಯೇ ಬೇಕಿಲ್ಲ. ಮನೆಯ ಹಳೆಯ ಆಲ್ಬಮ್ಮಿನಲ್ಲಿ ಶಾಲೆಯ ಪ್ರವಾಸದ್ದೋ ಜಾತ್ರೆಯದ್ದೋ ಮದುವೆಯ ದಿಬ್ಬಣದ್ದೋ ಚಿತ್ರವಿರುತ್ತದೆ. ಮುಂದೆ ನಿಂತವರನ್ನು ಬಿಟ್ಟು ಅವರ ತಲೆಯ ಮೇಲೆ, ಹೆಗಲ ಸಂದಿಯಲ್ಲಿ ನೋಡಿ. ಈಗ ಇಲ್ಲದ ಅರಳಿಕಟ್ಟೆ, ಸುಣ್ಣ ಬಳಿಯುವ ಮುಂಚಿನ ಗುಡಿ, ಮುಚ್ಚಿಹೋದ ಕಲ್ಯಾಣಿ ಅಲ್ಲಿರಬಹುದು. ಹಿರಿಯರನ್ನು ಕೂರಿಸಿಕೊಂಡು ಊಹಿಸಿ, ಜಾಗಕ್ಕೆ ಹೋಗಿ ಹೊಂದಿಸಿ ನೋಡಿ. ಖಾತ್ರಿಯಾದ ಮೇಲೆ ಚಿತ್ರದ ಹಿಂದೆ ಊರು, ಇಸವಿ, ಕ್ಯಾಮೆರಾ ನಿಂತ ದಿಕ್ಕು ಮೂರನ್ನೂ ಪೆನ್ಸಿಲಿನಲ್ಲಿ ಬರೆದಿಡಿ. ಮುಂದೆ ಆಡುವವರಿಗೆ ಅಷ್ಟು ಸುಳಿವು ಸಾಕು.