ಖಾಲಿ ಟ್ರಕ್ಕು, ತುಂಬಿದ ಟ್ರ್ಯಾಲಿ

1996ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ಮಾನ್‌ಸ್ಟರ್ ಟ್ರಕ್ ಮ್ಯಾಡ್‌ನೆಸ್’ ಎಂಬ ಆಟ ಹತ್ತಾರು ವರ್ಷ ತಡವಾಗಿ ಚಿಕ್ಕೋಡಿಯ ಕಂಪ್ಯೂಟರ್ ಕ್ಲಾಸೊಂದರ ಹಳೆಯ ಮಷಿನ್ನಿಗೆ ಬಂದಿತ್ತು. ಭಾರೀ ಗಾಲಿಗಳ ಟ್ರಕ್ಕು, ದಿಬ್ಬ, ಹಳ್ಳ, ಪಂದ್ಯ. ಎಲ್ಲಾದರೂ ಸಿಕ್ಕಿಬಿದ್ದರೆ ಹೆಲಿಕಾಪ್ಟರ್ ಬಂದು ಎತ್ತಿ ದಾರಿಗೆ ಬಿಡುತ್ತಿತ್ತು.

ನಮಗದು ಪರದೇಶದ ಆಟ ಅನ್ನಿಸಲೇ ಇಲ್ಲ. ನಿಪ್ಪಾಣಿಯ ಕಡೆ ತಂಬಾಕಿನದೇ ಹೆಚ್ಚು ಮಾತು; ಆದರೆ ರಾಯಬಾಗ, ಅಥಣಿ, ಕಾಗವಾಡದ ಮಕ್ಕಳಿಗೆ ಕೆಸರಲ್ಲಿ ಹೊರಳುವ ಗಾಲಿ ಹೊಸದಲ್ಲ. ದೀಪಾವಳಿಯ ಹೊತ್ತಿಗೆ ಹಂಗಾಮು ಶುರುವಾದರೆ ಟ್ರ್ಯಾಕ್ಟರುಗಳು ಎರಡೆರಡು ಟ್ರ್ಯಾಲಿ ಕಬ್ಬು ಎಳೆದುಕೊಂಡು, ಹಾಡು ಹಚ್ಚಿಕೊಂಡು ರಾತ್ರಿಯಿಡೀ ಕಾರ್ಖಾನೆಯತ್ತ ಹೋಗುತ್ತವೆ. ನಮ್ಮ ಕಾಕಾ ಅಂಥದ್ದೊಂದು ಓಡಿಸುತ್ತಿದ್ದ. ಒಮ್ಮೆ ನನ್ನ ಹಿಂದೆ ನಿಂತು ಆಟ ನೋಡಿ ಕೇಳಿದ: “ಟ್ರಕ್ ಭಾರಿ ಜಿಗೀತೈತಿ ಬಿಡು. ಆದ್ರ ಲೋಡ್ ಎಲ್ಲೈತೋ ತಮ್ಮಾ?”

ಖಾಲಿ ಗಾಡಿ ಜಿಗಿಯುತ್ತದೆ. ತುಂಬಿದ ಗಾಡಿ ಹುಗಿಯುತ್ತದೆ. ಅಕಾಲದ ಮಳೆ ಬಿದ್ದ ಎರೆಹೊಲದಿಂದ ಹೊರಡುವಾಗ ಹಿಂದಿನ ಭಾರಕ್ಕೆ ಟ್ರ್ಯಾಕ್ಟರಿನ ಮುಂಗಾಲಿ ಮೇಲೇಳುತ್ತದೆ. ಹಿಂಗಾಲಿ ತಿರುಗಿದಷ್ಟೂ ತಾನೇ ತೋಡಿದ ಕುಣಿಗೆ ಇಳಿಯುತ್ತದೆ. ಗಡಿಯಾರ ಇಲ್ಲೂ ಓಡುತ್ತಿರುತ್ತದೆ: ಕಡಿದ ಕಬ್ಬು ಹೊತ್ತು ಹೋದಂತೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ರೈತನಿಗೆ ದುಡ್ಡು ಬರುವುದು ತೂಕದ ಮೇಲೆ.

ಯುನಿವರ್ಸಿಟಿ ಹಾಸ್ಟೆಲಿಗೆ ಬಂದ ಮೇಲೆ ಗೆಳೆಯನ ಲ್ಯಾಪ್‌ಟಾಪಿನಲ್ಲಿ ‘ಸ್ಪಿನ್‌ಟೈರ್ಸ್’ ಸಿಕ್ಕಿತು. 2014ರ ಆಟ. ಇಲ್ಲಿ ಓಟದ ಪಂದ್ಯವಿಲ್ಲ. ಕಾಡಿನ ಕೆಸರಲ್ಲಿ ಮರದ ದಿಮ್ಮಿ ಸಾಗಿಸಬೇಕು. ಗಾಲಿ ಹೋದಲ್ಲಿ ಮಣ್ಣು ತಗ್ಗು ಬೀಳುತ್ತದೆ. ಹುಗಿದರೆ ವಿಂಚಿನ ಹಗ್ಗ ಮರಕ್ಕೆ ಬಿಗಿದು ಜಗ್ಗಿಕೊಳ್ಳಬೇಕು. ಕೊನೆಗೂ ಲೋಡ್ ಸಿಕ್ಕಿತೆಂದು ಕಾಕಾನಿಗೆ ಫೋನು ಮಾಡಿದೆ.

“ಹುಗದ್ರ ಜಗ್ಗಾಕ ಯಾರ್ ಬರ್ತಾರ?”

“ಯಾರೂ ಇಲ್ಲ ಕಾಕಾ, ನಾ ಒಬ್ಬನ ಆಡಾಕತ್ತೀನಿ.”

“ಹಂಗಾದ್ರ ಭಾಳ ತ್ರಾಸ ಐತಿ ಬಿಡಪಾ,” ಅಂದ.

ಅವನ ಲೆಕ್ಕದಲ್ಲಿ ಕೆಸರು ತ್ರಾಸಿನದಲ್ಲ, ಒಬ್ಬನೇ ಇರುವುದು ತ್ರಾಸು. ನಮ್ಮಲ್ಲಿ ಗಾಡಿ ಹುಗಿದರೆ ಪಕ್ಕದ ಹೊಲದ ಟ್ರ್ಯಾಕ್ಟರು ಚೈನು ತಂದು ಜಗ್ಗುತ್ತದೆ. ಇಂದು ಜಗ್ಗಿದವನಿಗೆ ನಾಳೆ ಇವನು ಹೋಗುತ್ತಾನೆ. ಅದಕ್ಕೂ ಬಗ್ಗದಿದ್ದರೆ ಬೀಡ ಜಿಲ್ಲೆಯಿಂದ ಬಂದ ಕಬ್ಬು ಕಡಿಯುವ ಗ್ಯಾಂಗಿನವರು, ಗಂಡಸರೂ ಹೆಂಗಸರೂ, ಅರ್ಧ ಲೋಡು ಇಳಿಸಿ ಗಟ್ಟಿ ನೆಲಕ್ಕೆ ಹೊತ್ತೊಯ್ದು ಮತ್ತೆ ಏರಿಸುತ್ತಾರೆ. ಅವರ ಕೂಲಿ ಟನ್ನಿನ ಲೆಕ್ಕ.

ನನ್ನ ಸಂಶೋಧನೆ ಈ ಗಡಿಭಾಗದ ದುಡಿಮೆಯ ಮಾತುಗಳ ಮೇಲೆ. ಹುಗಿಯುವುದು, ಜಗ್ಗುವುದು, ಏರಿಸುವುದು ಎಂಬ ಪದಗಳನ್ನು ಕಾರ್ಡುಗಳಲ್ಲಿ ಬರೆದು ಜೋಡಿಸುತ್ತಿದ್ದೇನೆ. ‘ಮತ್ತೆ ಏರಿಸುವುದು’ ಎಂಬ ಕಾರ್ಡಿನ ಮುಂದೆ ಕೂಲಿಯ ಜಾಗ ಖಾಲಿ ಇದೆ. ಎರಡು ಸಲ ತಲೆಯ ಮೇಲೆ ಹೊತ್ತ ಕಬ್ಬನ್ನು ಕಾಟಾ ಒಂದೇ ಸಲ ತೂಗುತ್ತದೆ.